ಏಳನೇ ಕಾಲಂ

ಜೂನ್ 3

ಅಕ್ಕಾ,

ಮೊದಲು ಸುದ್ದಿ, ಆಮೇಲೆ ಸಂಕಟ. ನಿನ್ನ ತಮ್ಮ ಅಧಿಕಾರಿಯಾಗಿದ್ದಾನೆ. ನಗಬೇಡ. ಪಂಪು ಕಾರ್ಖಾನೆಯಲ್ಲಿ ಪೆಟ್ಟಿಗೆ ಎಣಿಸಿ ಲಾರಿಗೆ ಹತ್ತಿಸುತ್ತಿದ್ದ ಗುಮಾಸ್ತ ಸೋಮವಾರದಿಂದ ರಫ್ತು ನಿಯಮ ಪಾಲನಾ ಅಧಿಕಾರಿ. ಕೈಯಿರುವ ಕುರ್ಚಿ ಕೊಟ್ಟಿದ್ದಾರೆ. ಒಂದು ಕೈ ಅಲ್ಲಾಡುತ್ತದೆ, ಅದರ ಮೇಲೆ ಭಾರ ಹಾಕದೆ ಕೂರುವುದನ್ನು ಕಲಿತಿದ್ದೇನೆ.

ಆದದ್ದಿಷ್ಟು. ನಮ್ಮ ಮಾಲೀಕರು, ಕಾರ್ಖಾನೆಯಲ್ಲೆಲ್ಲ 'ದೊಡ್ಡೋರು' ಅನ್ನಿಸಿಕೊಳ್ಳುವವರು, ಹೋದ ತಿಂಗಳು ನಿನ್ನ ಎರಡು ದಿನದ ತರಬೇತಿಗೆ ಬಂದಿದ್ದರಲ್ಲ, ಮುಂದಿನ ಸಾಲಿನಲ್ಲೇ ಗೊರಕೆ ಹೊಡೆದರು ಎಂದು ನೀನೇ ಬರೆದಿದ್ದೆ. ನೀನು ಕೊಟ್ಟ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಕುಡಿಯುವ ನೀರಿನ ಡ್ರಮ್ಮಿನ ಮೇಲೆ ತೂಗುಹಾಕಿದ್ದಾರೆ. ನಾನು ನಿನ್ನ ತಮ್ಮ ಎಂದು ಯಾರೋ ಕಿವಿಗೆ ಹಾಕಿದರಂತೆ. ಕರೆಸಿದರು. "ನಿಮ್ಮಕ್ಕನಿಗೆ ಆ ಕಾನೂನೆಲ್ಲ ಬಾಯಿಪಾಠ ಅಲ್ವೇನಪ್ಪಾ? ಇನ್ಮೇಲೆ ಫಾರ್ಮಿಗೆಲ್ಲ ನಿನ್ನದೇ ಸಹಿ," ಅಂದರು. ರಬ್ಬರ್ ಸ್ಟಾಂಪನ್ನು ಕೈಗಿಟ್ಟರು. ನಾನು ಮೊದಲ ಅಕ್ಷರಕ್ಕೇ ತಡಕಾಡುತ್ತಿರುವಾಗ "ಸರಿ, ಹೋಗು," ಎಂದು ಕಳಿಸಿಯೂ ಬಿಟ್ಟರು.

ಈಗ ಸಂಕಟ. ಹೊರದೇಶಕ್ಕೆ ಹೋಗುವ ಪ್ರತಿ ಪಂಪಿಗೂ ಆ ಘೋಷಣಾ ಪತ್ರ ತುಂಬಬೇಕಲ್ಲ. ಆರು ಕಾಲಂ ತುಂಬಿದೆ. ಏಳನೆಯದು: 'ಈ ಸರಕನ್ನು ಕೊನೆಗೆ ಬಳಸುವವರು ಯಾರು, ಯಾವ ಕೆಲಸಕ್ಕೆ?' ಅದನ್ನು ಖರೀದಿದಾರರು ಬರೆದು ತಿಳಿಸಬೇಕು. ಅವರ ಪತ್ರ ಬಂದಿಲ್ಲ. ಲಾರಿ ಗುರುವಾರವಲ್ಲ, ಅದರ ಮುಂದಿನ ಗುರುವಾರ ಹೊರಡುತ್ತದೆ. ದೊಡ್ಡೋರು ದಿನಕ್ಕೆರಡು ಸಲ ಬಾಗಿಲಲ್ಲಿ ಇಣುಕಿ ಗಡಿಯಾರ ನೋಡುತ್ತಾರೆ. ನಾನೇನು ಬರೆಯಲಿ?

ಫೋನ್ ಮಾಡು ಅಂತೀಯ. ನಾನು ಫೋನಿನಲ್ಲಿ 'ಅಕ್ಕಾ' ಎಂದು ಮುಗಿಸುವಷ್ಟರಲ್ಲಿ ನೀನು ಮೂರು ಊರು ದಾಟಿರುತ್ತೀಯ. ಕಾಗದವೇ ನನಗೆ ಸರಿ. ಕಾಗದದಲ್ಲಿ ನಾನು ಉಗ್ಗುವುದಿಲ್ಲ.

ನಿನ್ನ ತಮ್ಮ


ಜೂನ್ 7

ಅಧಿಕಾರಿಗಳಿಗೆ ನಮಸ್ಕಾರ!

ಕುರ್ಚಿಯ ಕೈಗೆ ಒಂದು ಮೊಳೆ ಹೊಡೆಸಿಕೋ.

ಇಲ್ಲಿ ಹೋಟೆಲಿನ ಹಾಲ್‌ನಲ್ಲಿ ಮೂವತ್ತೆಂಟು ಜನ ವ್ಯಾಪಾರಿಗಳಿಗೆ ಪಾಠ ಮಾಡುತ್ತಿದ್ದೇನೆ. ಬೇರಿಂಗ್ ಮಾರುವವರು, ಬಣ್ಣ ಮಾರುವವರು, ಲೆನ್ಸ್ ತಿಕ್ಕುವವರು. 'ನೀವು ಮಾರಿದ ವಸ್ತು ಒಳ್ಳೆಯ ಕೆಲಸಕ್ಕೂ ಆಗುತ್ತದೆ, ಕೊಲ್ಲುವ ಕೆಲಸಕ್ಕೂ ಆಗುತ್ತದೆ, ಕೊನೆಗೆ ಯಾರ ಕೈ ಸೇರುತ್ತದೆ ಎಂದು ಕೇಳುವುದು ನಿಮ್ಮ ಕರ್ತವ್ಯ' ಎಂದು ನಾನು ಗಂಟಲು ಹರಿದುಕೊಳ್ಳುವಾಗ ಬಣ್ಣದವರು ಕೈಯೆತ್ತಿದರು. ಪ್ರಶ್ನೆ ಇದೆ ಎಂದು ಖುಷಿಪಟ್ಟೆ. "ಮೇಡಂ, ಟೀ ಎಷ್ಟೊತ್ತಿಗೆ?" ಅಂದರು.

ಒಂದು ಕಾಲಂಗೆ ಇಷ್ಟು ಒದ್ದಾಡುತ್ತೀಯಲ್ಲೋ ಮರೀ. ಬರೆದುಕೋ: 'ಹಾಲು ಸಂಸ್ಕರಣಾ ಘಟಕದಲ್ಲಿ ಕೊಳವೆಗಳನ್ನು ತೊಳೆಯುವ ದ್ರವ ಹಾಯಿಸಲು.' ನಿಮ್ಮಲ್ಲಿನಂಥ ಪಂಪು ಕೊಳ್ಳುವವರು ಹೆಚ್ಚಾಗಿ ಡೈರಿಯವರೇ. ಇಷ್ಟು ಬರೆದರೆ ಲೈಸೆನ್ಸ್ ಕೇಳುವುದಿಲ್ಲ, ಲಾರಿ ನಿಲ್ಲುವುದಿಲ್ಲ. ಖರೀದಿದಾರರ ಪತ್ರ ಬಂದ ಮೇಲೆ ಹೋಲಿಸಿ ನೋಡಿ, ಬೇರೆಯಿದ್ದರೆ ತಿದ್ದು. ನನ್ನ ಕೈಪಿಡಿಯಲ್ಲಿ ಆ ಕಾಲಂ ಬೇಕೆಂದೇ ಖಾಲಿ ಬಿಟ್ಟಿದ್ದೇನೆ. ಮಾದರಿ ಕೊಟ್ಟರೆ ಜನ ಕಣ್ಣುಮುಚ್ಚಿ ನಕಲು ಹೊಡೆಯುತ್ತಾರೆ. ನೀನೇನು ಜನವೇ? ನನ್ನ ತಮ್ಮ.

ಶಾಲೆಗೆ ಸೇರಿಸುವ ದಿನ ಹೆಡ್‌ಮಾಸ್ತರು ನಿನ್ನ ಹೆಸರು ಕೇಳಿದರು, ನಾನು ಹೇಳಿದೆ. ಹುಡುಗಿ ನೋಡಲು ಹೋದಾಗ ನಿನಗೇನು ಇಷ್ಟ ಎಂದು ಕೇಳಿದರು, ಅದನ್ನೂ ನಾನೇ ಹೇಳಿದೆ. ಈಗ ಸರ್ಕಾರ ಕೇಳುತ್ತಿದೆ, ಅಷ್ಟೇ.

ಅಕ್ಕ

(ಈ ಪತ್ರವನ್ನೂ ಕಾರ್ಬನ್ ಇಟ್ಟೇ ಬರೆದಿದ್ದೇನೆ. ಐದು ವರ್ಷ ದಾಖಲೆ ಇಟ್ಟುಕೊಳ್ಳಿ ಎಂದು ಊರಿಗೆಲ್ಲ ಹೇಳುವವಳು ತಮ್ಮನ ಕಾಗದದ ದಾಖಲೆ ಇಡಬಾರದೇ?)


ಆಗಸ್ಟ್ 22

ಅಕ್ಕಾ,

ನಿನ್ನ ಕಾಗದ ಬಂದು ಎರಡೂವರೆ ತಿಂಗಳಾಯಿತು, ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ. ಕೆಲಸ ಕತ್ತಿನವರೆಗಿದೆ. ಜೂನ್‌ನಲ್ಲಿ ಒಂದು ಪಂಪು ತೆಗೆದುಕೊಂಡ ಆ ಖರೀದಿದಾರರೇ ಮತ್ತೆ ಮತ್ತೆ ತರಿಸಿಕೊಳ್ಳುತ್ತಿದ್ದಾರೆ. ಏಳನೇ ಕಾಲಂ ಈಗ ಕಣ್ಣುಮುಚ್ಚಿ ತುಂಬುತ್ತೇನೆ. ಅವರ ಪತ್ರವೂ ಬಂತು. ಅದರಲ್ಲೂ ಹಾಲು ಸಂಸ್ಕರಣೆ ಎಂದೇ ಇದೆ.

ಇವಳು ಚೆನ್ನಾಗಿದ್ದಾಳೆ. ನನ್ನ ಕುರ್ಚಿಗೆ ಒಂದು ದಿಂಬು ಹೊಲಿದುಕೊಟ್ಟಿದ್ದಾಳೆ. ಅದನ್ನು ಕಾರ್ಖಾನೆಗೆ ಒಯ್ಯಲು ನಾಚಿಕೆಯಾಗಿ ಮೂರು ದಿನ ಚೀಲದಲ್ಲೇ ಇಟ್ಟಿದ್ದೆ.

ಒಂದು ಸಣ್ಣ ಮಾತು. ನಮ್ಮಲ್ಲಿ ಇಪ್ಪತ್ತೈದು ವರ್ಷದಿಂದ ಪಂಪು ಜೋಡಿಸುವ ಫಿಟ್ಟರಣ್ಣ ಇದ್ದಾರೆ. ಈ ಖರೀದಿದಾರರು ಪ್ರತಿ ಪಂಪಿಗೂ ಆಮ್ಲ ತಿನ್ನದ ಲೋಹ ಕೇಳುತ್ತಾರೆ, ಜೊತೆಗೆ ಸೋರಿಕೆ ತಡೆಯಲು ಒಂದರ ಹಿಂದೊಂದು ಎರಡು ಸೀಲು. ಒಂದು ಹನಿಯೂ ಹೊರಗೆ ಬರಬಾರದಂತೆ. ಫಿಟ್ಟರಣ್ಣ ನಗುತ್ತಾ ಅಂದರು, "ಡೈರಿಯಲ್ಲಿ ಒಂದು ಹನಿ ಚೆಲ್ಲಿದ್ರೆ ಏನಾಗುತ್ತೆ? ಬಟ್ಟೆ ತಗೊಂಡು ಒರೆಸ್ತಾರೆ." ಪಂಪು ಕೂರಿಸಲು ನಮ್ಮ ಫಿಟ್ಟರ್ ಬರುತ್ತಾರೆ, ಅದು ಬೆಲೆಯಲ್ಲೇ ಸೇರಿದೆ ಎಂದರೆ ಬೇಡವೇ ಬೇಡ ಎಂದು ಬರೆದಿದ್ದಾರೆ. ಇಂಥದ್ದನ್ನು ಕಂಡರೆ ಏನು ಮಾಡಬೇಕು ಎಂದು ನಿನ್ನ ತರಬೇತಿಯಲ್ಲಿ ಹೇಳುತ್ತೀಯಲ್ಲ? ಸುಮ್ಮನೆ ಕೇಳಿದೆ.

ತಮ್ಮ


ಸೆಪ್ಟೆಂಬರ್ 15

ಮರೀ,

ತಡವಾಯಿತು. ನಾಲ್ಕು ಊರು, ಆರು ಶಿಬಿರ, ಗಂಟಲು ಕೂತಿದೆ. ಈಗ ನನಗೂ ನಿನ್ನ ಗತಿಯೇ, ಚೀಟಿ ಬರೆದು ಬಿಸಿನೀರು ಕೇಳುತ್ತಿದ್ದೇನೆ.

ನಿನ್ನ ಕಾಗದ ಓದಿ ಎಷ್ಟು ಸಂತೋಷವಾಯಿತು ಗೊತ್ತೇ! ಬೇಡದ ಗುಣಮಟ್ಟ ಕೇಳುವುದು, ಫಿಟ್ಟರ್ ಬೇಡವೆನ್ನುವುದು. ಇದು ಎರಡನೇ ದಿನ ಮಧ್ಯಾಹ್ನದ ನನ್ನ ಪಾಠವೇ. ಊಟ ಮುಗಿಸಿ ಬಂದು ಎಲ್ಲರೂ ತೂಕಡಿಸುವ ಪಾಠ. ಕೈಪಿಡಿ ಓದಿ ಉದಾಹರಣೆ ಸಮೇತ ನನಗೇ ಒಪ್ಪಿಸುತ್ತಿದ್ದೀಯಲ್ಲ, ಭೇಷ್! ಹತ್ತಕ್ಕೆ ಹತ್ತು. ಉತ್ತರ ನಿನಗೂ ಗೊತ್ತು: ಕೈಯಲ್ಲಿದ್ದ ಫಾರ್ಮನ್ನು ಕೆಳಗಿಟ್ಟು, ಮಾಲೀಕರ ಮುಂದೆ ನಿಂತು, 'ಇದು ಎಲ್ಲಿಗೆ ಹೋಗುತ್ತದೆ?' ಎಂದು ಕೇಳಬೇಕು. ಒಂದೇ ಪ್ರಶ್ನೆ, ಮೂರು ಪದ. ಅಷ್ಟಕ್ಕೆ ಎಂಥ ಧೈರ್ಯ ಬೇಕು ಹೇಳು?

ದಿಂಬು ಒಯ್ಯಿ. ಅಧಿಕಾರಿಗೆ ನಾಚಿಕೆ ಏಕೆ?

ಅಕ್ಕ


ನವೆಂಬರ್ 9

ಅಕ್ಕಾ,

ನಿನ್ನೆ ಬೆಳಗ್ಗೆ ಹತ್ತೂವರೆಗೆ ಐದು ಜನ ಬಂದರು. ಮೊದಲು ರವಾನೆ ಕೋಣೆಗೇ ಬಂದರು, ದಾರಿ ಗೊತ್ತಿದ್ದವರ ಹಾಗೆ. ಕಪಾಟಿನ ಫೈಲುಗಳನ್ನು ಹಗ್ಗ ಕಟ್ಟಿ ಒಯ್ದರು. ರಬ್ಬರ್ ಸ್ಟಾಂಪನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಅದರ ಮೇಲೆ ನನ್ನ ಸಹಿ ಮಾಡಿಸಿಕೊಂಡರು. ದೊಡ್ಡೋರು ಶನಿವಾರದಿಂದ ಇಲ್ಲ. ಯಾರದ್ದೋ ಮದುವೆ ಎಂದು ಹೇಳಿ ಹೋದವರು. ಮನೆಗೂ ಬೀಗ.

ಮೂವತ್ತೊಂದು ಘೋಷಣಾ ಪತ್ರ. ಮೂವತ್ತೊಂದರಲ್ಲೂ ನನ್ನ ಸಹಿ.

ಒಬ್ಬ ಅಧಿಕಾರಿ ನನ್ನೆದುರು ಒಂದು ಫೋಟೊ ಇಟ್ಟರು. ನಮ್ಮ ಪಂಪು. ತಗಡಿನ ಮೇಲೆ ನಂಬರು ಸ್ಪಷ್ಟವಾಗಿತ್ತು, 0417. ಅದು ಡೈರಿಯಲ್ಲಿರಲಿಲ್ಲ. ವಿಷದ ದ್ರವ ತುಂಬುವ ಶೆಡ್ಡಿನಲ್ಲಿತ್ತಂತೆ. ಯುದ್ಧಕ್ಕೆ ಮಾಡುವ ವಿಷ. "ಏಳನೇ ಕಾಲಂನಲ್ಲಿ ಹೀಗೆ ಬರೀ ಅಂತ ಯಾರು ಹೇಳಿದ್ರು?" ಎಂದು ಕೇಳಿದರು. ನನ್ನ ಬಾಯಿ ಕಟ್ಟಿಹೋಯಿತು. ಅಕ್ಷರವೇ ಬರಲಿಲ್ಲ. ಗಡಿಯಾರ ನೋಡುತ್ತಾ ಕಾದರು, ಆಮೇಲೆ 'ಉತ್ತರಿಸಲು ನಿರಾಕರಿಸಿದ್ದಾರೆ' ಎಂದು ಬರೆದುಕೊಂಡರು.

ನನಗೇನೂ ಆಗಿಲ್ಲ. ಊಟ ಮಾಡುತ್ತಿದ್ದೇನೆ. ಇವಳು ಅಳುತ್ತಾಳೆ, ಅಷ್ಟೇ. ನೀನು ಹೆದರಬೇಡ.

ತಮ್ಮ


ನವೆಂಬರ್ 12

ತಮ್ಮಾ,

ಹೆದರಬೇಡ ಅಂತೀಯ! ಎರಡು ಹಾಳೆ ಬರೆದು ಹರಿದು ಹಾಕಿ ಇದು ಮೂರನೆಯದು.

ರಫ್ತು ಇಲಾಖೆಯವರು ಫೋನ್ ಮಾಡಿ ನನ್ನನ್ನೂ ಕರೆಸಿದ್ದರು. ಮೂವತ್ತೊಂದು ಫಾರ್ಮಿನಲ್ಲೂ ಒಂದೇ ವಾಕ್ಯವಂತೆ, ಒಂದಕ್ಷರ ಆಚೆ ಈಚೆ ಇಲ್ಲವಂತೆ. 'ಇದು ನಿಮ್ಮ ಕೈಪಿಡಿಯ ವಾಕ್ಯವೇ?' ಎಂದು ಕೇಳಿದರು. ನನ್ನ ಕೈಪಿಡಿಯಲ್ಲಿ ಆ ಕಾಲಂ ಖಾಲಿ ಇದೆ, ನಾನು ಯಾರಿಗೂ ಮಾದರಿ ಉತ್ತರ ಕೊಡುವವಳಲ್ಲ, ನನ್ನ ಶಿಬಿರದಲ್ಲಿ ಕಲಿತ ಯಾರೂ ಹಾಗೆ ಬರೆಯಲು ಸಾಧ್ಯವಿಲ್ಲ ಎಂದೆ. ಎದೆ ತಟ್ಟಿಕೊಂಡು ಹೇಳಿದೆ. ಅದನ್ನೇ ಬರೆಸಿಕೊಂಡು ಸಹಿಯನ್ನೂ ಹಾಕಿಸಿಕೊಂಡರು. ಸಹಿ ಹಾಕುವಾಗ ಅವು ನಿನ್ನ ಫಾರ್ಮುಗಳು ಎಂದು ನನಗೆ ಗೊತ್ತಿರಲಿಲ್ಲ. ಮಾರನೆಯ ದಿನ ನಿನ್ನ ಕಾಗದ ಬಂತು.

ಹನ್ನೊಂದು ವರ್ಷ, ನಾನೂರು ಕಂಪನಿ. ಊರಿನವರಿಗೆಲ್ಲ ಬುದ್ಧಿ ಹೇಳಿಕೊಂಡು ತಿರುಗಿದೆ, ನನ್ನ ತಮ್ಮನೇ ಹೀಗೆ ಮಾಡಿದನಲ್ಲ! ಯಾರು ಹೇಳಿಕೊಟ್ಟರು ಆ ವಾಕ್ಯ? ನಿನ್ನ ದೊಡ್ಡೋರು ತಾನೇ? ಅವರ ಹೆಸರು ಬರೆದುಕೊಡು. ಬಾಯಲ್ಲಿ ಆಗದಿದ್ದರೆ ಕಾಗದದಲ್ಲಿ ಬರೆದುಕೊಡು. ಕಾಗದದಲ್ಲಿ ನೀನು ಉಗ್ಗುವುದಿಲ್ಲವಲ್ಲ!

ಕೋಪದಲ್ಲಿ ಬರೆದೆ. ಹೊಟ್ಟೆಗೆ ಹಾಕಿಕೋ. ಆದರೆ ಉತ್ತರ ಕೊಡು.

ಅಕ್ಕ


ನವೆಂಬರ್ 20

ಅಕ್ಕಾ,

ಯಾರೂ ಹೇಳಿಕೊಡಲಿಲ್ಲ. ನಾನೇ ಬರೆದೆ.

ನಾಡಿದ್ದು ಬಂದು ಕರೆದೊಯ್ಯುತ್ತಾರಂತೆ. ಇವಳನ್ನು ಅವಳ ತಾಯಿಯ ಮನೆಗೆ ಕಳಿಸುತ್ತಿದ್ದೇನೆ. ನೀನು ಬರಬೇಡ. ನಿನ್ನ ಶಿಬಿರಗಳನ್ನು ನಿಲ್ಲಿಸಬೇಡ. ನನಗೆ ಇಂಥ ಅಕ್ಕ ಇದ್ದಾಳೆಂದು ಅಲ್ಲಿ ಯಾರಿಗೂ ನೀನಾಗಿ ಹೇಳಬೇಡ.

ತಮ್ಮ


ನವೆಂಬರ್ 28

ಮರೀ,

ನಿನ್ನೆ ಜೈಲಿನ ಗೇಟಿನಲ್ಲಿ ಮೂರು ಗಂಟೆ ಕೂತಿದ್ದೆ. ನೀನು ಭೇಟಿಗೆ ಬರುವುದಿಲ್ಲ ಎಂದು ಹೇಳಿಕಳಿಸಿದೆಯಂತೆ. ಕಾವಲಿನವರು ನನ್ನ ಮುಖ ನೋಡಿ ತಾವೇ ನೀರು ತಂದುಕೊಟ್ಟರು. ನಾನು ತಂದಿದ್ದ ಸ್ವೆಟರನ್ನು ಅಲ್ಲೇ ಬಿಟ್ಟು ಬಂದೆ. ತಲುಪಿತೇ?

ಒಬ್ಬ ವಕೀಲರನ್ನು ಹಿಡಿದಿದ್ದೇನೆ. ನಿಧಾನದ ಮನುಷ್ಯ, ಪ್ರತಿ ಮಾತಿಗೂ ಕನ್ನಡಕ ಒರೆಸುತ್ತಾರೆ, ಆದರೆ ಸುಳ್ಳು ಭರವಸೆ ಕೊಡುವವರಲ್ಲ. ಅವರು ಹೇಳಿದ್ದಿಷ್ಟು: "ಗೊತ್ತಿದ್ದೂ ತಾನೇ ಸುಳ್ಳು ಬರೆದ ಅಂತಾದ್ರೆ ಹತ್ತು ವರ್ಷ. ಬಲ್ಲವರು ಹೀಗೆ ಬರೀ ಅಂತ ಹೇಳಿದ್ದಕ್ಕೆ ನಂಬಿ ಬರೆಯೋಕೆ ಶುರು ಮಾಡಿದ ಅಂತಾದ್ರೆ ಬೇರೆ ಕಲಮು, ಬೇರೆ ಶಿಕ್ಷೆ. ಆದರೆ ಹೇಳಿದವರು ಯಾರು ಅಂತ ಅವನು ಬಾಯಿ ಬಿಡಬೇಕು." ಹತ್ತು ವರ್ಷ ಕಣೋ! ನಿನ್ನ ಹೆಂಡತಿಗೆ ಈಗ ಇಪ್ಪತ್ತೊಂಬತ್ತು.

ಓಡಿಹೋದ ಆ ಮನುಷ್ಯನನ್ನು ಏಕೆ ಕಾಪಾಡುತ್ತೀಯ? ಅಲ್ಲಾಡುವ ಕುರ್ಚಿ ಕೊಟ್ಟ ಋಣವೇ? ನಿನಗೆ ಕೈ ಮುಗಿಯುತ್ತೇನೆ, ಒಂದು ಹೆಸರು ಬರೆ. ಶಿಬಿರದಲ್ಲಿ 'ಕೊನೆಯ ಬಳಕೆ' ಎಂಬ ಮಾತು ಬಂದಾಗ ಮುಂದಿನ ಪದ ಬಾರದೆ ನಿಂತುಬಿಟ್ಟೆ. ಮೂವತ್ತು ಜನ ನನ್ನನ್ನೇ ನೋಡುತ್ತಿದ್ದರು. ನಿನಗೆ ಪ್ರತಿದಿನ ಹೀಗಾಗುತ್ತಿತ್ತೇ ಎಂದು ಆಗ ಮೊದಲ ಸಲ ಯೋಚಿಸಿದೆ.

ಅಕ್ಕ


ಡಿಸೆಂಬರ್ 4

ಮರೀ,

ಇದನ್ನು ವಕೀಲರ ಕೈಯಲ್ಲಿ ಕಳಿಸುತ್ತಿದ್ದೇನೆ. ಅವರ ಲಕೋಟೆಯನ್ನು ಅಲ್ಲಿ ಒಡೆಯುವುದಿಲ್ಲವಂತೆ.

ನಿನ್ನ ಪರವಾಗಿ ಏನಾದರೂ ಸಿಕ್ಕೀತೇ ಎಂದು ನನ್ನ ಕಾರ್ಬನ್ ಪುಸ್ತಕ ತೆಗೆದು ಕೂತೆ. ದೊಡ್ಡೋರು ಕೆಟ್ಟವರೆಂದು ಎಲ್ಲಾದರೂ ಒಂದು ಮಾತಿದ್ದೀತು ಎಂದು ಹುಡುಕಿದೆ. ಜೂನ್ 7ರ ಹಾಳೆ ಸಿಕ್ಕಿತು.

ನಾನೇ. ನಾನೇ ಬರೆದಿದ್ದೇನೆ. 'ಕೊಳವೆಗಳನ್ನು ತೊಳೆಯುವ ದ್ರವ ಹಾಯಿಸಲು.' ಟೀ ಕುಡಿಯುತ್ತಾ, ನಗುತ್ತಾ, ಶಿಬಿರಕ್ಕೆ ಹೊತ್ತಾಯಿತೆಂದು ಗಡಿಬಿಡಿಯಲ್ಲಿ ಬರೆದದ್ದು. ಪೋಸ್ಟ್ ಮಾಡಿದ ಮೇಲೆ ಮರೆತೇಬಿಟ್ಟಿದ್ದೆ. ಆಗಸ್ಟಿನ ನಿನ್ನ ಕಾಗದವನ್ನೂ ಮತ್ತೆ ಓದಿದೆ. ನೀನು ಪಾಠ ಒಪ್ಪಿಸುತ್ತಿರಲಿಲ್ಲ, ನನ್ನನ್ನು ಕೂಗುತ್ತಿದ್ದೆ. ನಾನು ಹತ್ತಕ್ಕೆ ಹತ್ತು ಕೊಟ್ಟೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಬದುಕಲಾರೆ. ಹಾಳೆ ಸಿಕ್ಕಿದ್ದು ಮೊನ್ನೆ. ಎರಡು ದಿನ ಅದನ್ನು ಹಾಸಿಗೆಯ ಕೆಳಗೆ ಇಟ್ಟುಕೊಂಡಿದ್ದೆ. ಕೊಟ್ಟರೆ ತರಬೇತಿ ಕೊಡಲು ಸರ್ಕಾರ ಕೊಟ್ಟ ನನ್ನ ಮಾನ್ಯತೆ ಹೋಗುತ್ತದೆ, ಸುಳ್ಳು ಹೇಳಿಕೆಗೆ ಸಹಿ ಹಾಕಿದ್ದಕ್ಕೆ ನನ್ನನ್ನೂ ಒಳಗೆ ಹಾಕಬಹುದು. ಹರಿದು ಹಾಕಲೇ ಎಂದು ಒಮ್ಮೆ ಕೈಯೂ ಹೋಯಿತು. ನಿನ್ನ ಅಕ್ಕ ಇಂಥವಳು ಎಂದು ನಿನಗೆ ಗೊತ್ತಿರಲಿ.

ನಾಳೆ ಇಲಾಖೆಗೆ ಒಯ್ದು ಕೊಡುತ್ತೇನೆ. ನನ್ನ ಅಸಲು ಕಾಗದ ನಿನ್ನ ಹತ್ತಿರ ಇದೆಯಲ್ಲ, ಎಲ್ಲಿಟ್ಟಿದ್ದೀಯ? ಬೇಗ ತಿಳಿಸು.

ಅಕ್ಕ


ಡಿಸೆಂಬರ್ 7

ಅಕ್ಕಾ,

ಕೊಡಬೇಡ. ಕೊಟ್ಟಿದ್ದರೆ ವಾಪಸ್ ತೆಗೆದುಕೋ.

ಅಸಲು ಇಲ್ಲ. ಅವರು ಬಂದ ದಿನ ಮಧ್ಯಾಹ್ನ ಮನೆಗೆ ಬಂದವನೇ ಅದನ್ನು ಒಲೆಗೆ ಹಾಕಿದೆ. ಇವಳು ಏನದು ಎಂದು ಕೇಳಿದಳು, ಹಳೆಯ ರಸೀದಿ ಎಂದೆ. ನೀನು ನನಗಾಗಿ ಎಷ್ಟು ಕಡೆ ಬಾಯಿ ಬಿಟ್ಟಿದ್ದೀಯ, ನಿನಗಾಗಿ ನಾನು ಒಮ್ಮೆ ಬಾಯಿ ಮುಚ್ಚಿಕೊಂಡಿರಬಲ್ಲೆ ಎನ್ನಿಸಿತು. ಅದೊಂದು ಕೆಲಸ ನನಗೆ ಚೆನ್ನಾಗಿ ಬರುತ್ತದೆ.

ಮತ್ತೆ, ನೀನು ತಿಳಿದಷ್ಟು ನಾನು ಮುಗ್ಧನಲ್ಲ. ಜೂನ್‌ನ ಮೊದಲ ಫಾರ್ಮು ಮಾತ್ರ ನಿನ್ನದು. ಆ ಎರಡು ಸೀಲು ಕಂಡ ಮೇಲೆ ನನಗೆ ಗೊತ್ತಾಗಿತ್ತು. ಖರೀದಿದಾರರ ಪತ್ರವನ್ನು ದೊಡ್ಡೋರೇ ನನ್ನ ಫಾರ್ಮು ನೋಡಿ ಟೈಪ್ ಮಾಡಿಸಿ, ಆ ಖರೀದಿದಾರರ ಸಹಿಗೆ ಕಳಿಸಿದ್ದು. ಅದನ್ನು ಕಣ್ಣಾರೆ ನೋಡಿದ್ದೇನೆ. ನೀನು ಹೇಳಿದ ಹಾಗೆ ಫಾರ್ಮು ಹಿಡಿದು ಅವರ ಬಾಗಿಲಿಗೆ ಏಳು ಸಲ ಹೋದೆ. ಪ್ರತಿ ಸಲವೂ ಅವರು ತಲೆಯೆತ್ತಿ "ಏನಪ್ಪಾ?" ಅನ್ನುವರು. ಮೂರು ಪದ ಅಂದಿದ್ದೆ. ಮೊದಲನೆಯದೇ ಬರಲಿಲ್ಲ. ಕಾಯುವ ಅವರ ಮುಖದಲ್ಲಿ ಆ ನಗು ಮೂಡುತ್ತಿದ್ದ ಹಾಗೆ ನಾನು ಫಾರ್ಮನ್ನು ಮುಂದಿಡುತ್ತಿದ್ದೆ, ಅವರು "ಸಹಿ ಆಯ್ತಾ? ಗುಡ್," ಅನ್ನುತ್ತಿದ್ದರು. ಬಾಯಿ ಬರಲಿಲ್ಲ ಸರಿ, ಸಹಿ ಹಾಕದೆ ಕೈಯನ್ನು ಸುಮ್ಮನಿಡಬಹುದಿತ್ತು. ಇಡಲಿಲ್ಲ. ಕುರ್ಚಿ ಹೋಗುತ್ತದೆ ಎಂದು ಹೆದರಿದೆ.

ಸ್ವೆಟರ್ ತಲುಪಿತು. ತೋಳು ಉದ್ದವಾಗಿದೆ. ನಾನಿನ್ನೂ ಬೆಳೆಯುತ್ತೇನೆಂದು ತಿಳಿದಿದ್ದೀಯ.

ತಮ್ಮ


ಡಿಸೆಂಬರ್ 11

ಮರೀ,

ನಿನ್ನ ಕಾಗದ ಬರುವ ಮೊದಲೇ ಕೊಟ್ಟಾಗಿತ್ತು. ವಾಪಸ್ ತೆಗೆದುಕೊಳ್ಳುವುದಿಲ್ಲ.

ಆದರೆ ಅವರು ನಂಬಲಿಲ್ಲ. ಅಧಿಕಾರಿ ನನ್ನ ಕಾರ್ಬನ್ ಪುಸ್ತಕವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ತಿಂಗಳ ಹಿಂದೆ ನೀವೇ ಸಹಿ ಹಾಕಿ ಕೊಟ್ಟಿದ್ದೀರಿ, ಯಾರಿಗೂ ಮಾದರಿ ಕೊಟ್ಟಿಲ್ಲ ಅಂತ. ಈಗ ತಮ್ಮ ಒಳಗೆ ಹೋದ ಮೇಲೆ ನಕಲು ಸಿಕ್ತು ಅಂತೀರಿ. ಅಸಲು ಎಲ್ಲಿ?" ಅಂದರು. ಕಾಲು ಹಿಡಿಯುವುದೊಂದು ಬಾಕಿ. ದಾಖಲೆ ಇಲ್ಲದ ಮಾತಿಗೆ ಬೆಲೆಯಿಲ್ಲ ಎಂದು ಹನ್ನೊಂದು ವರ್ಷ ಊರೂರಿಗೆ ಹೋಗಿ ಕಲಿಸಿದವಳು ನಾನೇ. ಅಲ್ಲಿ ಮೇಜಿನಾಚೆ ಕೂತಿದ್ದವರು ಐದು ವರ್ಷದ ಹಿಂದೆ ನನ್ನ ಶಿಬಿರದಲ್ಲಿ ಕೂತಿದ್ದವರು. ಚೆನ್ನಾಗಿ ಕಲಿತಿದ್ದಾರೆ.

18ರಂದು ವಿಚಾರಣೆ. ಅಧಿಕಾರಿ ನಿನ್ನನ್ನೇ ಕೇಳುತ್ತಾರಂತೆ. ನಿನ್ನ ಬಾಯಿಂದ ಬಂದರೆ ಮಾತ್ರ ಬರೆದುಕೊಳ್ಳುತ್ತಾರೆ. ಆ ಕೋಣೆಗೆ ನನ್ನನ್ನೂ ಬಿಡುತ್ತಾರೆ, ನಿನ್ನ ಪರ ಮಾತಾಡಲು ಬೇಕಾದರೆ ಎಂದು. ನಾನು ಮಾತಾಡುವುದಿಲ್ಲ. ನಿನ್ನ ಬದಲು ನಾನು ಬಾಯಿ ತೆರೆದ ಪ್ರತಿ ಸಲವೂ ನಿನ್ನ ಬಾಯಿಯನ್ನು ಇನ್ನಷ್ಟು ಬಿಗಿದಿದ್ದೇನೆ. ಹೆಡ್‌ಮಾಸ್ತರ ಕೋಣೆಯಿಂದಲೇ ಶುರುವಾಯಿತು ಅದು.

ಒಂದು ಪ್ರಶ್ನೆ ಉಳಿದಿದೆ. ಆ ಫೋಟೊದಲ್ಲಿ ಏನಿತ್ತು? ಪಂಪಿನ ನಂಬರು ಬರೆದೆ, ಬೇರೇನೂ ಬರೆಯಲಿಲ್ಲ. ನಾನೂ ಕೇಳಲಿಲ್ಲ. ನಿನ್ನದು, ನನ್ನದು, ಮಾನ್ಯತೆಯದು, ಇಷ್ಟೇ ಯೋಚನೆಯಲ್ಲಿ ಮುಳುಗಿದ್ದೆ. ಇದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ ಕೇಳಿ ಎಂದು ಊರಿಗೆಲ್ಲ ಹೇಳಿದವಳು, ಎಲ್ಲಿಗೆ ಹೋಯಿತು ಎಂದು ನಿನ್ನನ್ನು ಒಮ್ಮೆಯೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ.

ಅಕ್ಕ


ಡಿಸೆಂಬರ್ 19

ಅಕ್ಕಾ,

ನಿನ್ನೆ ನೀನು ಎದುರಿಗೇ ಇದ್ದೆ, ಆದರೂ ಬರೆಯುತ್ತಿದ್ದೇನೆ. ನಾವಿಬ್ಬರೂ ಮಾತಾಡಿಕೊಳ್ಳಲು ಅವರು ಬಿಡಲಿಲ್ಲವಲ್ಲ.

ವಕೀಲರು ಎದ್ದು, "ಸ್ವಾಮಿ, ಇವರಿಗೆ ಮಾತು ಕಷ್ಟ, ಅಕ್ಕ ಇಲ್ಲೇ ಇದ್ದಾರೆ," ಎಂದಾಗ ಎಲ್ಲರೂ ನಿನ್ನ ಕಡೆ ತಿರುಗಿದರು. ನೀನು "ಇಲ್ಲ, ಅವನೇ ಹೇಳ್ತಾನೆ," ಅಂದೆ. ಆಮೇಲೆ ನಾನು ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡು ಕತ್ತಿನ ನರ ಉಬ್ಬಿಸಿ ನಿಂತಿದ್ದಾಗ ನಿನ್ನ ತುಟಿ ತೆರೆದದ್ದು ನೋಡಿದೆ. ಮುಚ್ಚಿದ್ದೂ ನೋಡಿದೆ. ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತುಬಿಟ್ಟೆ. ಟೈಪ್ ಮಾಡುವವರು ಕೈ ಎತ್ತಿಕೊಂಡು ಕಾದರು. ಯಾರೋ ಕೆಮ್ಮಿದರು. ನೀನು ಕದಲಲಿಲ್ಲ.

ನಾನು ಹೇಳಿದ್ದು ನಿನಗೂ ಕೇಳಿಸಿತು. ಮೊದಲ ಫಾರ್ಮಿನ ವಾಕ್ಯ ಅಕ್ಕನದು, ಆ ಕಾಗದವನ್ನು ನಾನು ಸುಟ್ಟೆ. ಮಿಕ್ಕ ಮೂವತ್ತು ನನ್ನವು. ಹಾಲಿಗಲ್ಲ ಎಂದು ನನಗೆ ಗೊತ್ತಿತ್ತು. ಅಷ್ಟು ಹೇಳಲು ಒಂಬತ್ತು ನಿಮಿಷ ಬೇಕಾಯಿತಂತೆ, ದಾಖಲೆಯಲ್ಲಿ ಬರೆದಿದ್ದಾರೆ. ಈ ಸಲ 'ನಿರಾಕರಿಸಿದ್ದಾರೆ' ಎಂದು ಬರೆಯಲಿಲ್ಲ. ಕೊನೆಯ ಮಾತು ಹೇಳಬೇಡ ಎಂದು ವಕೀಲರು ಕಣ್ಸನ್ನೆ ಮಾಡುತ್ತಿದ್ದರು. ಅದನ್ನು ಬಿಟ್ಟಿದ್ದರೆ ನನ್ನ ಶಿಕ್ಷೆ ಕಡಿಮೆಯಾಗುತ್ತಿತ್ತು. ಈಗ ಕಡಿಮೆಯಾಗುವುದಿಲ್ಲ. ನಿನ್ನ ಮಾನ್ಯತೆಯೂ ಹೋಯಿತೆಂದು ಇವತ್ತು ಬೆಳಗ್ಗೆ ತಿಳಿಯಿತು. ನಿನ್ನ ಮೇಲೆ ಕೇಸು ಹಾಕುವುದೋ ಇಲ್ಲವೋ ಇನ್ನೂ ನಿರ್ಧಾರವಾಗಿಲ್ಲವಂತೆ. ಇಬ್ಬರನ್ನೂ ನಾನೇ ಮುಳುಗಿಸಿದೆ. ಬೈಯಬೇಕೆನಿಸಿದರೆ ಬೈದುಬಿಡು.

ನೀನು ಕೇಳಿದ್ದಕ್ಕೆ ಉತ್ತರ. ಬರೆಯಬಾರದೆಂದಿದ್ದೆ. ಆದರೆ ಆ ಕಾಲಂ ಇನ್ನೂ ತುಂಬಿಲ್ಲ.

ಪಂಪು ನಂಬರು 0417. ಕೊನೆಗೆ ಬಳಸಿದವರು: ಆ ಶೆಡ್ಡಿನ ಕೂಲಿಯವರು. ಹೊರಗಿನ ಫಿಟ್ಟರ್ ಬೇಡವೆಂದಿದ್ದರಲ್ಲ, ಅವರೇ ಕೂರಿಸಿಕೊಂಡಿದ್ದರು. ಬಿಚ್ಚಿ ಜೋಡಿಸುವಾಗ ಎರಡು ಸೀಲಿನಲ್ಲಿ ಒಂದನ್ನು ತಿರುವುಮುರುವಾಗಿ ಹಾಕಿದ್ದರಂತೆ. ಫಿಟ್ಟರಣ್ಣ ಹೋಗಿದ್ದರೆ ಹಾಗಾಗುತ್ತಿರಲಿಲ್ಲ. ಹೋಗಿದ್ದರೆ ಅದು ಡೈರಿಯಲ್ಲ ಎಂದು ಅವರು ನೋಡುತ್ತಿದ್ದರು, ಪಂಪು ಲಾರಿಯಲ್ಲೇ ವಾಪಸ್ ಬರುತ್ತಿತ್ತು. ಹನಿ ಹೊರಗೆ ಬಂತು. ಒಳಗಿದ್ದವರು ಯಾರೂ ಹೊರಗೆ ಬರಲಿಲ್ಲ.

ಫೋಟೊದಲ್ಲಿ ಅವರು ಇರಲಿಲ್ಲ. ಪಂಪಿನ ಹಿಂದೆ ಬಾಗಿಲು ಕಾಣುತ್ತಿತ್ತು, ಬಾಗಿಲಾಚೆ ಬಿಸಿಲು. ಒಳಗೆ ರಬ್ಬರ್ ಬೂಟು ಹಾಕಿಕೊಳ್ಳಬೇಕೆಂದು ಅವರೆಲ್ಲ ತಮ್ಮ ತಮ್ಮ ಚಪ್ಪಲಿಗಳನ್ನು ಹೊಸ್ತಿಲಾಚೆ ಗೋಡೆಯುದ್ದಕ್ಕೂ ಸಾಲಾಗಿ ಬಿಟ್ಟಿದ್ದರು. ಸಂಜೆ ಬಂದವರೇ ಮೆಟ್ಟಿಕೊಂಡು ಹೋಗಲು ಸುಲಭವಾಗಲಿ ಎಂದು ಎಲ್ಲರೂ ಹೊರಮುಖವಾಗಿ ಇಟ್ಟಿದ್ದರು. ಅಧಿಕಾರಿ ನನ್ನ ಉತ್ತರಕ್ಕೆ ಕಾಯುತ್ತಿದ್ದಷ್ಟು ಹೊತ್ತೂ ನಾನು ಅವನ್ನು ಎಣಿಸಿದೆ. ಹತ್ತೊಂಬತ್ತು ಜೊತೆ. ಒಂದರ ಉಂಗುಷ್ಠ ಕಿತ್ತುಹೋಗಿ ತಂತಿ ಸುತ್ತಿದ್ದರು.

ತಮ್ಮ